ದೋಣಿ ದಾಟಿ ತಣ್ಣೀರುಬಾವಿಗೆ

ನಮ್ಮ ತರಗತಿಯಲ್ಲಿ ಗುಳೆ ಹೋಗದ ಮನೆಗಳನ್ನು ಬೆರಳು ಮಡಚಿ ಎಣಿಸಬಹುದು. ನಮ್ಮಪ್ಪನೂ ಒಂಬತ್ತು ವರ್ಷದಿಂದ ಮಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾನೆ. ಬಿತ್ತನೆಗೆ ಬಂದು, ಸುಗ್ಗಿ ಮುಗಿಸಿ ಮತ್ತೆ ಹೊರಡುತ್ತಾನೆ. "ಸಮುದ್ರ ಹೆಂಗೈತಪ್ಪಾ?" ಅಂತ ಯಾವಾಗ ಕೇಳಿದರೂ "ದೊಡ್ಡದೈತಿ" ಅಂತ ಅಷ್ಟೇ ಹೇಳುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು.

2024ರ ಮೇ ರಜೆಯಲ್ಲಿ ಅವ್ವ, ನಾನು, ತಮ್ಮ ಕೊಟ್ಟೂರಿನಿಂದ ದಾವಣಗೆರೆಗೆ ಹೋಗಿ, ಅಲ್ಲಿಂದ ರಾತ್ರಿ ಬಸ್ಸಿಗೆ ಮಂಗಳೂರು ಸೇರಿದೆವು. ಭಾನುವಾರ ಅಪ್ಪನಿಗೆ ರಜೆ. ಜಾತ್ರೆಗೆ ಹೊಲಿಸಿದ ಬಿಳಿ ಅಂಗಿ ಹಾಕಿಕೊಂಡು "ನಡೀರಿ, ಸಮುದ್ರಕ್ಕೆ ಹೋಗೋಣು" ಅಂದ.

ಮೊದಲು ಸುಲ್ತಾನ್ ಬತ್ತೇರಿಗೆ ಹೋದೆವು. ಹಗೆಯ ಹಡಗು ನದಿಯೊಳಗೆ ನುಗ್ಗದಂತೆ 1784ರಲ್ಲಿ ಟಿಪ್ಪು ಸುಲ್ತಾನ ಕರಿಕಲ್ಲಿನಲ್ಲಿ ಕಟ್ಟಿಸಿದ ಕಾವಲು ಗೋಪುರ ಅದು. ಚಿತ್ರದುರ್ಗದ ಕೋಟೆ ನೋಡಿ ಬಂದಿದ್ದ ನನ್ನ ತಮ್ಮ "ಇಷ್ಟೇ ಏನು?" ಅಂದುಬಿಟ್ಟ. ಅದರ ಪಕ್ಕದಲ್ಲೇ ದೋಣಿ ಕಟ್ಟೆ. ಈಚೆ ದಡ ಮಂಗಳೂರು, ನಡುವೆ ಗುರುಪುರ ನದಿ, ಆಚೆ ತಣ್ಣೀರುಬಾವಿ. ಅದರ ಒಂದು ಮಗ್ಗುಲಿಗೆ ನದಿ, ಇನ್ನೊಂದು ಮಗ್ಗುಲಿಗೆ ಅರಬ್ಬಿ ಸಮುದ್ರ. ನಾಲಿಗೆ ಚಾಚಿದ ಹಾಗೆ ಉದ್ದಕ್ಕೆ ನೆಲ. ನೀರಿಗೆ ಬಾಯಿ ಬಿಡುವ ನಮ್ಮ ಸೀಮೆಯಲ್ಲಿ ಇಂಥ ಹೆಸರಿನ ಊರು ಒಂದೂ ಇಲ್ಲವಲ್ಲ ಅನ್ನಿಸಿತು.

ಹಂಪಿಯಲ್ಲಿ ಹರಿಗೋಲು ಹತ್ತಿದ್ದೆ. ಅದು ಗಿರಗಿರ ತಿರುಗುತ್ತದೆ. ಈ ದೋಣಿಗೆ ಎಂಜಿನ್ನು, ನೆಟ್ಟಗೆ ಹೋಗುತ್ತದೆ. ಅವ್ವ ಮಾತ್ರ ಕಣ್ಣು ಮುಚ್ಚಿ "ಕೊಟ್ಟೂರೇಶಾ" ಅನ್ನುತ್ತಾ ಕುಂತಿದ್ದಳು. ದೋಣಿಯವರು "ಘಟ್ಟದ ಮೇಲಿನವರಾ?" ಅಂತ ಕೇಳಿದರು. "ಹೌದ್ರಿ, ಬಳ್ಳಾರಿ ಕಡೇರು" ಅಂದ ಅಪ್ಪ. 2021ರಲ್ಲೇ ನಮ್ಮದು ವಿಜಯನಗರ ಜಿಲ್ಲೆ ಆಯಿತು, ಅಪ್ಪನ ಬಾಯಿಗೆ ಅದಿನ್ನೂ ಬಂದಿಲ್ಲ! ಅಷ್ಟು ಮಾತಾಡುವುದರೊಳಗೆ ಆಚೆ ದಡ ಬಂದೇಬಿಟ್ಟಿತು.

ಗಾಳಿಮರಗಳ ನೆರಳು ದಾಟಿದೆವು. ಎದುರಿಗೆ ಸಮುದ್ರ. ಅಪ್ಪ ಹೇಳಿದ್ದು ಖರೇ, ದೊಡ್ಡದೈತಿ. ನನಗೂ ಬೇರೆ ಮಾತು ಹೊಳೆಯಲಿಲ್ಲ. ನವಮಂಗಳೂರು ಬಂದರಿನ ಹಡಗುಗಳು ದೂರದಲ್ಲಿ ಬೆಂಕಿಪೊಟ್ಟಣದ ಹಾಗೆ ನಿಂತಿದ್ದವು. ನೀರು ಬಾಯಿಗೆ ಹಾಕಿ ನೋಡಿದೆ, ಥೂ! ಆಗ ನಮ್ಮ ಸಾರ್ ಹೇಳಿಕೊಟ್ಟ ಪಾಠ ನೆನಪಾಯಿತು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಗಂಗಾಮೂಲದಲ್ಲಿ. ನೇತ್ರಾವತಿ ಇಳಿದು ಬಂದು ಇಲ್ಲೇ ತೆಂಕಣಕ್ಕೆ ಅಳಿವೆಯಲ್ಲಿ ಗುರುಪುರ ನದಿಯ ಜೊತೆ ಕಡಲು ಸೇರುತ್ತಾಳೆ. ತುಂಗಭದ್ರೆ ಹರಪನಹಳ್ಳಿ, ಹಡಗಲಿ ಸೀಮೆ ಸುತ್ತಿ, ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಒಂದೇ ತವರಿನವರು, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ.

ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಚರ್ಮುರಿಯನ್ನೂ ಕೊಂಡೆವು. ನಮ್ಮ ಮಂಡಕ್ಕಿಯೇ, ಆದರೆ ಕ್ಯಾರೆಟ್ ತುರಿ, ತೆಂಗಿನೆಣ್ಣೆ ಹಾಕಿ ಕಲಸುತ್ತಾರೆ. ಕೊಟ್ಟೂರಿನ ಮಂಡಕ್ಕಿ ಮಿರ್ಚಿಯ ಮುಂದೆ ಅದು ಏನೂ ಅಲ್ಲ ಎಂದು ಇಲ್ಲಿ ಬರೆದಿಡುತ್ತೇನೆ.

ಅಪ್ಪನಿಗೆ ಸುಮ್ಮನೆ ಕೂರಲು ಬರುವುದಿಲ್ಲ. ಹಿಡಿ ಮರಳು ತಗೊಂಡು ಬೆರಳಲ್ಲಿ ತಿಕ್ಕಿ ನೋಡಿದ. "ಇದು ಕಾಂಕ್ರೀಟಿಗೆ ಬರಂಗಿಲ್ಲ ಯವ್ವ. ಉಪ್ಪೈತಿ, ಒಳಗಿನ ಕಬ್ಬಿಣ ತುಕ್ಕು ಹಿಡಿತೈತಿ" ಅಂದ.

"ನೀನು ಎಷ್ಟು ಸಲ ಬಂದೀಯಪ್ಪಾ ಇಲ್ಲಿಗೆ?"

"ಇದಾ ಮೊದಲ್ನೇ ಸಲ. ಮ್ಯಾಲಿಂದ ದಿನಾ ನೋಡ್ತಿದ್ದೆ."

ಮ್ಯಾಲಿಂದ ಅಂದರೆ ಏನೆಂದು ನನಗೆ ತಿಳಿಯಲಿಲ್ಲ. ಸಂಜೆ ದೋಣಿಯಲ್ಲಿ ವಾಪಸ್ ಬರುವಾಗ ತಿಳಿಯಿತು. ಬೆನ್ನ ಹಿಂದೆ ಸೂರ್ಯ, ಎದುರಿಗೆ ಮಂಗಳೂರಿನ ಎತ್ತರದ ಕಟ್ಟಡಗಳ ಕಿಟಕಿಗಳೆಲ್ಲ ಹೊಳೆಯುತ್ತಿದ್ದವು. ಅಪ್ಪ ಅದರಲ್ಲೊಂದನ್ನು ತೋರಿಸಿ, ಕೆಳಗಿನಿಂದ ಒಂದೊಂದೇ ಮಾಳಿಗೆ ಎಣಿಸಿ ಬೆರಳು ನಿಲ್ಲಿಸಿದ. "11ನೇದು. ಆ ಸ್ಲ್ಯಾಬಿಗೆ ಹಲಗೆ ಹೊಡೆದೋನು ನಾನು. ಬುತ್ತಿ ಉಣ್ಣಾಕ ಅಲ್ಲೇ ಅಂಚಿಗೆ ಕುಂದರ್ತಿದ್ದೆ. ಇಡೀ ಸಮುದ್ರ ಕಾಣಸ್ತಿತ್ತು."

"ನಾಳೆ ಅದರ ಮ್ಯಾಲೆ ಹತ್ತೋಣ ಯಪ್ಪಾ" ಅಂದ ತಮ್ಮ.

"ಈಗ ವಾಚ್‌ಮನ್ ಒಳಗ ಬಿಡಂಗಿಲ್ಲಪ್ಪ."

ದೋಣಿ ಕಟ್ಟೆಗೆ ತಾಗಿತು. ಜನ ಇಳಿದರು. ತಮ್ಮ ಮಾತ್ರ ಇಳಿಯದೆ, ಒಂದು, ಎರಡು, ಮೂರು ಅಂತ ಮತ್ತೆ ಮೊದಲಿನಿಂದ ಎಣಿಸುತ್ತಾ ನಿಂತಿದ್ದ.