ಕಾರಣ ಇಲ್ಲದೆ ಸಮುದ್ರಕ್ಕೆ ಹೋಗಿ ಬಂದೆವು

ನಮ್ಮ ಯಾದಗಿರಿ, ಶಹಾಪುರ, ಸುರಪುರದ ಕಡೆ ಊರು ಬಿಟ್ಟು ಹೊರಡುವವರಿಗೆ ಒಂದು ಕಾರಣ ಇರಲೇಬೇಕು. ದುಡಿಯೋದಕ್ಕೆ ಬೆಂಗಳೂರು, ಪುಣೆ, ಗೋವಾ. ದವಾಖಾನೆಗೆ ಕಲಬುರಗಿ, ರಾಯಚೂರು, ಸೋಲಾಪುರ. ಹರಕೆ ತೀರಿಸೋದಕ್ಕೆ ತಿಂಥಣಿ, ಮೈಲಾಪುರ, ಸ್ವಲ್ಪ ರೊಕ್ಕ ಇದ್ದರೆ ಶ್ರೀಶೈಲ, ತಿರುಪತಿ. ಈ ಮೂರರಲ್ಲಿ ಯಾವುದೂ ಅಲ್ಲದೆ, ಸುಮ್ಮನೆ ನಾಲ್ಕು ದಿನ ಹೋಗಿ ಬರ್ತೀವಿ ಅಂದರೆ ಮನೆಯವರಿಗೆ ತಿಳಿಯೋದೇ ಇಲ್ಲ. ‘ಪ್ರವಾಸ’ ಅನ್ನೋ ಶಬ್ದ ಶಾಲೆ ಮಕ್ಕಳಿಗೆ ಮಾತ್ರ ಸೇರಿದ್ದು.

ಪತ್ರಿಕೋದ್ಯಮ ಓದಿದ ನಾವು ನಾಲ್ವರು, ಇಬ್ಬರು ಹುಡುಗಿಯರು ಇಬ್ಬರು ಹುಡುಗರು, ಸಮುದ್ರ ನೋಡಿ ಬರೋಣ ಅಂತ ಮಾತಾಡಿಕೊಂಡಿದ್ದು ಎಷ್ಟೋ ಸಲ. ಫೋನಿನಲ್ಲಿ ‘ಕಡಿಮೆ ಖರ್ಚಿನ ಕೆರಿಬಿಯನ್ ದ್ವೀಪ’ ಅಂತ ಜಾಹೀರಾತು ಬರುತ್ತವೆ. ಅವರ ಕಡಿಮೆ ಖರ್ಚು ನಮ್ಮ ಎರಡು ಎಕರೆ ಹತ್ತಿಯ ಲೆಕ್ಕವನ್ನೂ ದಾಟುತ್ತದೆ. ಕೆರಿಬಿಯನ್ ನಮಗೆ ಗೊತ್ತಿರೋದು ಕ್ರಿಕೆಟ್‌ನಿಂದ. 2024ರ ಜೂನ್ 29ರಂದು ಭಾರತ ಟಿ20 ವಿಶ್ವಕಪ್ ಗೆದ್ದದ್ದು ಬಾರ್ಬಡೋಸ್ ದ್ವೀಪದಲ್ಲಿ. ಆ ದ್ವೀಪಗಳಿಗೂ ನಮ್ಮ ದೇಶದವರು ಮೊದಲು ಹೋದದ್ದು ರಜೆಗಲ್ಲ. 1845ರಲ್ಲಿ ಟ್ರಿನಿಡಾಡ್‌ಗೆ ಹೋದ ಮೊದಲ ಹಡಗಿನ ತುಂಬ ಕಬ್ಬಿನ ತೋಟಕ್ಕೆ ಕರಾರಿನ ಮೇಲೆ ಹೊರಟ ಕೂಲಿಗಳೇ ಇದ್ದರು.

ದ್ವೀಪ ಅನ್ನೋದಕ್ಕೆ ನಮ್ಮ ಕಡೆಯ ಶಬ್ದ ಗಡ್ಡಿ. ಸುರಪುರ ಭಾಗದಲ್ಲಿ ಕೃಷ್ಣೆಯ ನಡುವೆ ನೀಲಕಂಠರಾಯನಗಡ್ಡಿ ಇದೆ. ನಾರಾಯಣಪುರ ಡ್ಯಾಮಿನಿಂದ ನೀರು ಬಿಟ್ಟರೆ ಅಲ್ಲಿನವರಿಗೆ ದಡ ದೂರವಾಗುತ್ತದೆ. 2014ರ ಮಳೆಗಾಲದಲ್ಲಿ ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆ ಬುರುಡೆ ಮೈಗೆ ಕಟ್ಟಿಕೊಂಡು ಆ ಹೊಳೆ ಈಜಿ ದಡ ಸೇರಿದ ಸುದ್ದಿ ದೇಶವೆಲ್ಲ ಓದಿತು. ಹೀಗಾಗಿ ದ್ವೀಪ ಅಂದಾಗ ನಮ್ಮವರಿಗೆ ರಜೆ ನೆನಪಾಗೋದಿಲ್ಲ, ನೆರೆ ನೆನಪಾಗುತ್ತದೆ.

ನಾವು ಕಡೆಗೆ ಆರಿಸಿಕೊಂಡದ್ದು ಉಡುಪಿಯ ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪ. ಕರ್ನಾಟಕದೊಳಗೇ ಇದೆ ಅನ್ನೋದು ದೊಡ್ಡ ಕಾರಣ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಲ್ಲಿದೆ. ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಚಾರ್ಜಿಲ್ಲ, ರಾಜ್ಯದ ಗಡಿಯವರೆಗೆ. ಹಾಗಿದ್ದ ಮೇಲೆ ಇನ್ನಿಬ್ಬರನ್ನೂ ಕರೆದುಕೊಂಡು ಹೋಗೋಣ ಅನ್ನಿಸಿತು. ನಮ್ಮಲ್ಲೊಬ್ಬಳ ಅವ್ವ, ಅವ್ವನ ತಂಗಿ ಸಣ್ಣವ್ವ. ಒಟ್ಟು ಆರು ಮಂದಿ.

ಅವ್ವನಿಗೆ ಸಮುದ್ರ ಹೊಸದಲ್ಲ. ಇಪ್ಪತ್ತು ವರ್ಷದ ಹಿಂದೆ ಬರ ಬಿದ್ದಾಗ ಗೋವಾದಲ್ಲಿ ಎರಡು ವರ್ಷ ಬಿಲ್ಡಿಂಗ್ ಕೆಲಸ ಮಾಡಿದ್ದಾರೆ. ನಾಲ್ಕನೇ ಸ್ಲ್ಯಾಬಿಗೆ ಉಸುಕು ಹೊತ್ತು ಏರಿದರೆ ಸಮುದ್ರ ಕಾಣುತ್ತಿತ್ತಂತೆ. ಆದರೆ ಎರಡು ವರ್ಷದಲ್ಲಿ ಒಂದು ಸಲವೂ ಅದರ ನೀರಿನಲ್ಲಿ ಕಾಲಿಟ್ಟಿಲ್ಲ. “ಹತ್ರನೇ ಇತ್ತವ್ವ, ಖರೆ ಸೂಟಿ ಎಲ್ಲಿತ್ತು?” ಅಂದರು.

ರೊಕ್ಕಕ್ಕಿಂತ ಒಪ್ಪಿಗೆ ಕಷ್ಟವಾಯಿತು. ತೊಗರಿ ರಾಶಿ ಮುಗಿದಿತ್ತು, ಕೆಲಸದ ಒತ್ತಡ ಇರಲಿಲ್ಲ. ಆದರೂ ಸಣ್ಣವ್ವನ ಅತ್ತೆ, “ಸಮುದ್ರ ನೋಡ್ಲಾಕ? ಅಲ್ಲೇನದ?” ಅಂತ ಕೇಳಿದರು. ಓಣಿಯವರು ಯಾರ ಹರಕೆ ಅಂತ ಕೇಳಿದರು. ಕಡೆಗೆ ಉಡುಪಿ ಕೃಷ್ಣನೇ ಕೈ ಹಿಡಿದ. ಕೃಷ್ಣನ ದರ್ಶನ, ಕನಕನ ಕಿಂಡಿ ಅಂದ ಮೇಲೆ ಯಾರೂ ತಕರಾರು ಮಾಡಲಿಲ್ಲ. ಅತ್ತೆಯೇ ಕಾಣಿಕೆ ಹಾಕಲು ಹತ್ತು ರೂಪಾಯಿ ಕೊಟ್ಟರು.

ಶಹಾಪುರದಿಂದ ರಾತ್ರಿ ಬಸ್ಸು ಹಿಡಿದು ಬೆಳಗಿನ ಜಾವ ಹುಬ್ಬಳ್ಳಿ. ಅಲ್ಲಿ ಬಸ್ಸು ಬದಲಿಸಿ ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ, ಆಮೇಲೆ ಕುಮಟಾ, ಹೊನ್ನಾವರ, ಭಟ್ಕಳ. ಘಟ್ಟದಲ್ಲಿ ಸಣ್ಣವ್ವ ವಾಂತಿ ಮಾಡಿಕೊಂಡರು, ಲಿಂಬೆಹಣ್ಣು ಮೂಸಿ ಸುಧಾರಿಸಿಕೊಂಡರು. ಬುತ್ತಿ ಕಟ್ಟಿಕೊಂಡಿದ್ದೆವು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ. ಕುಂದಾಪುರಕ್ಕೆ ಮೊದಲು ಮರವಂತೆ ಬರುತ್ತದೆ. ಅಲ್ಲಿ ಹೆದ್ದಾರಿಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ಬಸ್ಸಿನಲ್ಲಿದ್ದ ಊರಿನವರು ಯಾರೂ ತಲೆ ಎತ್ತಲಿಲ್ಲ. ನಾವು ಆರೂ ಮಂದಿ ಎದ್ದು ನಿಂತಿದ್ದೆವು.

ಉಡುಪಿಯಲ್ಲಿ ರೂಮು ಕೇಳಲು ಒಂದು ಲಾಡ್ಜಿಗೆ ಹೋದಾಗ ಕೌಂಟರಿನಲ್ಲಿದ್ದವರು ನಮ್ಮ ಮಾತು ಕೇಳಿ, “ಕೆಲಸಕ್ಕೆ ಬಂದದ್ದಾ? ಎಷ್ಟು ತಿಂಗಳಿಗೆ ರೂಮು ಬೇಕು?” ಅಂದರು. ಅವರ ದನಿಯಲ್ಲಿ ಕೆಟ್ಟತನ ಇರಲಿಲ್ಲ. ನಮ್ಮ ಭಾಷೆ ಆಡುವವರು ಅವರ ಊರಿಗೆ ಬರೋದು ಬೇರೆ ಯಾವುದಕ್ಕೆ? ಬಂದರಿನಲ್ಲಿ, ಕಟ್ಟಡಗಳಲ್ಲಿ, ರಸ್ತೆ ಕೆಲಸದಲ್ಲಿ ಅವರು ಕೇಳಿರೋದು ಅದೇ ಮಾತು. “ಒಂದೇ ರಾತ್ರಿಗೆರಿ, ದ್ವೀಪ ನೋಡ್ಲಾಕ ಬಂದೀವಿ” ಅಂದಾಗ ಅವರು ನಮ್ಮನ್ನು ಇನ್ನೊಮ್ಮೆ ನೋಡಿದರು. ಎರಡು ರೂಮು ಕೊಟ್ಟರು. ರಾತ್ರಿ ಮಠದಲ್ಲಿ ದರ್ಶನ, ಅಲ್ಲೇ ಊಟ. ಅತ್ತೆಯ ಹತ್ತು ರೂಪಾಯಿ ಹುಂಡಿಗೆ ಬಿತ್ತು.

ಮರುದಿನ ಮಲ್ಪೆಗೆ ಹೋದೆವು. ಉಡುಪಿಯ ಲೋಕಲ್ ಬಸ್ಸುಗಳು ಬಹುಪಾಲು ಖಾಸಗಿ. ಅಲ್ಲಿ ಶೂನ್ಯ ಟಿಕೆಟ್ ನಡೆಯೋದಿಲ್ಲ. ಕಂಡಕ್ಟರ್ ಕೈ ಚಾಚಿದಾಗ ಆಧಾರ್ ಕಾರ್ಡು ತೋರಿಸಿದ ಸಣ್ಣವ್ವನನ್ನು ನೋಡಿ ಬಸ್ಸೆಲ್ಲ ನಕ್ಕಿತು, ಸಣ್ಣವ್ವನೂ ನಕ್ಕರು. ದ್ವೀಪದ ಬೋಟಿಗೆ ಹೋಗಿ ಬರೋದಕ್ಕೆ ತಲಾ ಮುನ್ನೂರರ ಮೇಲಾಯಿತು. ಮಳೆಗಾಲದಲ್ಲಿ ಬೋಟು ಇರೋದಿಲ್ಲ. ಜನ ತುಂಬಿದ ಮೇಲೆ ಬಿಡುತ್ತಾರೆ. ಎಲ್ಲರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕೊಟ್ಟರು. ಅದರ ಬೆಲ್ಟು ಬಿಗಿದುಕೊಳ್ಳುತ್ತ ಅವ್ವ, “ನೋಡ್ಲಾಕ ಬಂದವ್ರಿಗೆ ಇಷ್ಟ್ ಮಾಡ್ಯಾರ. ನಮ್ಮ ಗಡ್ಡಿ ಮಂದಿಗಿ ಬುರುಡಿ” ಅಂದರು. ನಾವು ಯಾರೂ ಏನೂ ಹೇಳಲಿಲ್ಲ. ಸುದ್ದಿ ಬರೆಯೋದು ಕಲಿತವರು ನಾವು, ತಲೆಬರಹ ಅವರು ಕೊಟ್ಟರು.

ದ್ವೀಪ ಸಣ್ಣದು. ಉದ್ದ ಸುಮಾರು ಅರ್ಧ ಕಿಲೋಮೀಟರ್, ಅಗಲ ನೂರು ಮೀಟರ್ ಇರಬಹುದು. ತೆಂಗಿನ ಮರಗಳು, ದಂಡೆಯಲ್ಲಿ ಉಸುಕಿಗಿಂತ ಚಿಪ್ಪುಗಳೇ ಹೆಚ್ಚು. ಬರಿಗಾಲಲ್ಲಿ ನಡೆದರೆ ಚುಚ್ಚುತ್ತವೆ. ಅಲ್ಲಿನ ವಿಶೇಷ ಕಲ್ಲು. ಯಾರೋ ಕುಳಿತು ಕೆತ್ತಿ ನಿಲ್ಲಿಸಿದಂತೆ ಐದು ಮೂಲೆಯ, ಆರು ಮೂಲೆಯ ಕಂಬಗಳು ಸಾಲಾಗಿ ನಿಂತಿವೆ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗುತ್ತ, ಕೆರೆಯ ಕೆಸರು ಒಣಗಿ ಬಿರಿಯುವ ಹಾಗೆ ಬಿರಿದು ಆದ ಕಂಬಗಳಿವು. ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿಗೆ ಬಂದು ಹೆಸರಿಟ್ಟ ಅನ್ನೋ ಕತೆಯೂ ಇದೆ. ಅಂದಹಾಗೆ ನಮ್ಮ ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಗ್ರಾನೈಟು ಇದಕ್ಕಿಂತ ಬಹಳ ಹಳೆಯದು. ಈ ಭಾಗದ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ ಅನ್ನುತ್ತಾರೆ. ಇದನ್ನು ಹೇಳಿದಾಗ ಅವ್ವನಿಗೆ ಹೆಮ್ಮೆಯಾಯಿತು.

ಅವರಿಬ್ಬರೂ ಸೀರೆ ಮೊಣಕಾಲವರೆಗೆ ಎತ್ತಿ ಕಟ್ಟಿ, ಒಬ್ಬರ ಕೈ ಒಬ್ಬರು ಹಿಡಿದು ನೀರಿಗೆ ಇಳಿದರು. ಅಲೆ ಬಂದಾಗ ಚೀರಿದರು. ಅವ್ವ ಬೊಗಸೆಯಲ್ಲಿ ನೀರು ಹಿಡಿದು ನಾಲಗೆಗೆ ಮುಟ್ಟಿಸಿಕೊಂಡು, “ಹೌದು, ಉಪ್ಪೇ ಅದ” ಅಂದರು. ಆಮೇಲೆ ಒಂದು ಕಂಬದ ಕಲ್ಲಿನ ಮೇಲೆ ಕುಳಿತವರು ಒಂದು ತಾಸು ಏಳಲಿಲ್ಲ. ಹಗಲು ಹೊತ್ತಿನಲ್ಲಿ ಕೈಯಲ್ಲಿ ಕೆಲಸ ಇಲ್ಲದೆ ಅವರು ಕುಳಿತಿದ್ದನ್ನು ಮಗಳು ನೋಡಿದ್ದು ಅದೇ ಮೊದಲು. ಅವ್ವ ಏನು ಯೋಚಿಸ್ತಾ ಇದ್ದಾರೆ ಅಂತ ಯಾರೂ ಕೇಳಲಿಲ್ಲ.

ವಾಪಸ್ ಮಲ್ಪೆಗೆ ಬಂದಾಗ ದಂಡೆಯ ಹತ್ತಿರ ಒಂದು ಕಟ್ಟಡದ ಮುಂದೆ ಹೆಣ್ಣುಮಗಳೊಬ್ಬರು ಕಾಂಕ್ರೀಟ್ ಬುಟ್ಟಿ ತೊಳೆಯುತ್ತಿದ್ದರು. ನಮ್ಮ ಮಾತು ಕೇಳಿ ಓಡಿ ಬಂದರು. ಸುರಪುರದ ಕಡೆಯವರು, ಬಂದು ಮೂರು ವರ್ಷವಾಗಿದೆ. ನೀವು ದ್ವೀಪಕ್ಕೆ ಹೋಗಿದ್ದೀರಾ ಅಂತ ಕೇಳಿದೆವು. “ದಿನಾ ಬೋಟ್ ಹೋಗೂದು ನೋಡ್ತೀನ್ರಿ. ನಾನ್ಯಾಕ ಹೋಗ್ಲಿ?” ಅಂದರು. ಅವ್ವ ಉಳಿದ ರೊಟ್ಟಿ, ಹಿಂಡಿಯ ಗಂಟನ್ನು ಅವರಿಗೆ ಕೊಟ್ಟು, “ಒಂದ್ ಐತಾರ ಹೋಗಿ ಬಾ ತಂಗಿ. ನಾ ಇಪ್ಪತ್ತ್ ವರ್ಷ ತಡ ಮಾಡೀನಿ” ಅಂದರು.

ಲೆಕ್ಕ ಹೇಳಲೇಬೇಕು, ಓದುವವರಲ್ಲಿ ಯಾರಾದರೂ ಹೊರಡಬಹುದು. ಇಬ್ಬರು ಗಂಡಸರ ಬಸ್ ಚಾರ್ಜು, ಬೋಟು, ರೂಮು, ಚಹಾ ನಾಷ್ಟಾ, ಲೋಕಲ್ ಬಸ್ಸು ಎಲ್ಲ ಸೇರಿ ಆರು ಮಂದಿಗೆ ಸುಮಾರು 8,600 ರೂಪಾಯಿ. ತಲಾ 1,450ರ ಒಳಗೆ. ಇದರಲ್ಲಿ ಸೇರದ ಇನ್ನೊಂದು ಖರ್ಚಿದೆ. ಅವ್ವ, ಸಣ್ಣವ್ವನ ಮೂರು ಮೂರು ದಿನದ ಕೂಲಿ. ದಿನಕ್ಕೆ 300ರಂತೆ 1,800 ರೂಪಾಯಿ. ಬಸ್ಸನ್ನು ಸರ್ಕಾರ ಉಚಿತ ಮಾಡಬಹುದು, ದಿನಗೂಲಿಯವರಿಗೆ ಸಂಬಳದ ರಜೆ ಕೊಡುವವರು ಯಾರೂ ಇಲ್ಲ. ಹಾಗಾಗಿ ನಮ್ಮಲ್ಲಿ ಪ್ರವಾಸದ ಮಾತು ಬಂದಾಗ ಟಿಕೆಟ್ ದರ ಮಾತ್ರ ಲೆಕ್ಕ ಹಾಕಿದರೆ ಸಾಲದು.

ಹೊರಡುವವರಿಗೆ ಎರಡು ಮಾತು. ಹೆಣ್ಣುಮಕ್ಕಳು ಆಧಾರ್ ಕಾರ್ಡು ಮರೆಯಬೇಡಿ, ಸ್ಲೀಪರ್, ಎಸಿ ಬಸ್ಸಿಗೆ ಹತ್ತಬೇಡಿ, ಅವಕ್ಕೆ ಶಕ್ತಿ ಅನ್ವಯಿಸೋದಿಲ್ಲ. ದ್ವೀಪದಲ್ಲಿ ರಾತ್ರಿ ಉಳಿಯಲು ಬಿಡೋದಿಲ್ಲ, ಕಾಲಿಗೆ ಚಪ್ಪಲಿ ಇರಲಿ, ಗುರುತು ಹಾಕಿದ ಜಾಗ ಬಿಟ್ಟು ನೀರಿಗೆ ಇಳಿಯಬೇಡಿ.

ಊರಿಗೆ ಬಂದ ಮೇಲೆ ಒಂದು ವಾರ ಓಣಿಯ ಹೆಣ್ಣುಮಕ್ಕಳು ಅವ್ವನ ಕಟ್ಟೆಗೆ ಬಂದು ಹೋದರು. ಕೃಷ್ಣನ ಬಗ್ಗೆ ಕೇಳಿದವರು ಕಡಿಮೆ. ಬೋಟಿನಲ್ಲಿ ಹೆದರಿಕೆ ಆಯ್ತಾ, ಎಷ್ಟು ರೊಕ್ಕ ಹಿಡಿತು, ಆಧಾರ್ ಕಾರ್ಡಿನಲ್ಲಿ ಹೆಸರು ತಪ್ಪಿದ್ದರೆ ನಡೀತದಾ ಅಂತ ಕೇಳಿದರು. ಮುಂದಿನ ರಾಶಿ ಆದ ಮೇಲೆ ಹೋಗೋಣ ಅಂತ ಐದು ಮಂದಿ ಹೆಸರು ಕೊಟ್ಟಿದ್ದಾರೆ. ಅವರಲ್ಲಿ ಒಬ್ಬರು ಸಣ್ಣವ್ವನ ಅತ್ತೆ.