ಸಣ್ಣ ಜೋಡಿ

ಇಸ್ಪೀಟಿನ ಎಲೆಗಳನ್ನು ನಾನು ಮೊದಲ ಸಲ ಕೈಯಲ್ಲಿ ಹಿಡಿದದ್ದು ಶಾಲೆಯಲ್ಲಿ ಎಂದರೆ ನೀವು ನಗಬಹುದು. ಹತ್ತನೆಯ ಇಯತ್ತೆಯ ಗಣಿತದಲ್ಲಿ ಸಂಭವನೀಯತೆ ಎಂಬ ಪಾಠವಿದೆ. 52 ಎಲೆಗಳ ಕಟ್ಟಿನಿಂದ ಒಂದನ್ನು ತೆಗೆದರೆ ಅದು ಎಕ್ಕಾ ಆಗುವ ಸಂಭವವೆಷ್ಟು ಎಂಬಂಥ ಲೆಕ್ಕಗಳು. ಗಣಿತದ ಮಾಸ್ತರರು ರಜೆ ಹಾಕಿದ ಒಂದು ದಿನ ಆ ತಾಸು ನನ್ನ ಕೊರಳಿಗೆ ಬಿತ್ತು. ನಾನು ಕನ್ನಡ ಕಲಿಸುವವಳು. ಎಕ್ಕಾ ಎಷ್ಟು, ರಾಣಿ ಎಷ್ಟು ಎಂದು ನಾನು ತಡವರಿಸುತ್ತಿರುವಾಗ ಹಿಂದಿನ ಸಾಲಿನ ಹುಡುಗರು ಪಟಪಟನೆ ಹೇಳಿಬಿಟ್ಟರು. "ಯಾರೋ ಇದನ್ನೆಲ್ಲ ಕಲಿಸಿದವರು?" ಎಂದೆ. "ದೀವಳಿಗ್ಯಾಗ ನಮ್ಮ ಕಾಕಾ ಆಡ್ತಾನ್ರಿ ಟೀಚರ್" ಎಂದ ಒಬ್ಬ. ಮುಂದೆ ಕೇಳುವ ಧೈರ್ಯವಾಗಲಿಲ್ಲ. ನಮ್ಮ ಮನೆಯ ಕತೆಯೂ ಅದೇ.

ನಮ್ಮೂರು ಜುಗೂಳ ಕೃಷ್ಣೆಯ ದಂಡೆಯ ಮೇಲಿದೆ. ಹೊಳೆಯ ಆಚೆ ಮಹಾರಾಷ್ಟ್ರದ ಖಿದ್ರಾಪುರ, ಕೋಪೇಶ್ವರನ ಗುಡಿ. ದೀಪಾವಳಿಯಲ್ಲಿ ಶಿವ-ಪಾರ್ವತಿಯರೇ ಪಗಡೆ ಆಡಿದ್ದಾರೆ ಎಂಬ ನೆಪ ಹೇಳಿ ಗಂಡಸರು ತೀನ್ ಪತ್ತಿಗೆ ಕೂಡುತ್ತಿದ್ದರು. 1992ರ ದೀಪಾವಳಿಯಲ್ಲಿ ಅಪ್ಪನೂ ಕೂತ. ಅವನ ಅಂಗಿಯ ಕಿಸೆಯಲ್ಲಿ ನನ್ನ ಬಿ.ಎಡ್. ಫೀಯ ಹಣವಿತ್ತು.

ಆರು ಜನರ ಆಟ. ಅಪ್ಪನಿಗೆ ಮೂರರ ಜೋಡಿ ಬಂತು. ತೀನ್ ಪತ್ತಿಯಲ್ಲಿ ಜೋಡಿ ಎಂದರೆ ತೀರಾ ಕಡೆಗಣಿಸುವ ಮಾತಲ್ಲ. ಮೂರು ಎಲೆಗಳ ಕೈಗಳು ಒಟ್ಟು 22,100. ಅವುಗಳಲ್ಲಿ 16,440ಕ್ಕೆ ಜೋಡಿಯೂ ಇಲ್ಲ, ಬೇರೇನೂ ಇಲ್ಲ. ಒಬ್ಬನೇ ಎದುರಿದ್ದರೆ ಸಣ್ಣ ಜೋಡಿ ನೂರಕ್ಕೆ 74 ಸಲ ಗೆದ್ದೀತು. ಐವರಿದ್ದರೆ ಅದೇ ಜೋಡಿ ಸುಮಾರು 23ಕ್ಕೆ ಇಳಿಯುತ್ತದೆ. ಈ ಲೆಕ್ಕ ಅಪ್ಪನಿಗೆ ಗೊತ್ತಿರಲಿಲ್ಲ. ಒಬ್ಬೊಬ್ಬರೇ ಎಲೆ ಚೆಲ್ಲಿ ಎದ್ದು ಕೊನೆಗೆ ಇಬ್ಬರು ಉಳಿದಾಗ, ಎದುರಿಗೆ ಒಬ್ಬನೇ ಇದ್ದಾನೆ ಎಂದು ಅವನಿಗೆ ಹುರುಪು ಬಂತಂತೆ. ಆ ಒಬ್ಬ ಯಾಕೆ ಉಳಿದಿದ್ದಾನೆ ಎಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಕಾಕಾ ಭುಜ ಹಿಡಿದು "ಸಾಕ ಬಿಡೋ ಅಣ್ಣಾ" ಎಂದರೆ, "ಇಷ್ಟ ಹಾಕೀನಿ, ಈಗ ಹೆಂಗ ಬಿಡ್ಲಿ?" ಎಂದನಂತೆ. ಎದುರಿನವನು ಎಲೆ ತೋರಿಸಿದ. ರಾಣಿಯ ಜೋಡಿ.

ಅವ್ವ ಒಂದು ಮಾತು ಆಡಲಿಲ್ಲ. ನಾಲ್ಕನೆಯ ದಿನ ಹಿಂಡುವ ಎಮ್ಮೆಯನ್ನು ಮಾರಿ ಫೀ ಕಟ್ಟಿಸಿದಳು. ನಾನು ಟೀಚರ್ ಆದೆ.

ಈಗ ಅಣ್ಣನ ಮಗನ ಸುದ್ದಿ. ಪುಣೆಯಲ್ಲಿ ನೌಕರಿ. ಮೊಬೈಲಿನಲ್ಲಿ ಪೋಕರ್ ಆಡುತ್ತಿದ್ದ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿದ ಮೇಲೆ ಬಿಟ್ಟಿರಬೇಕೆಂದು ನಾವು ನೆಮ್ಮದಿಯಿಂದಿದ್ದೆವು. ಆಟ ಮೊಬೈಲಿನಿಂದ ಗೆಳೆಯನ ಕೋಣೆಗೆ ಹೋಗಿತ್ತಷ್ಟೆ. ದೀಪಾವಳಿಗೆ ಬಂದವನನ್ನು ಹಿತ್ತಲಲ್ಲಿ ಕೂರಿಸಿಕೊಂಡು ಕೇಳಿದೆ.

"ಅತ್ತಿ, ಇದು ಮುತ್ಯಾನ ತೀನ್ ಪತ್ತಿ ಅಲ್ಲ. ಇದಕ್ಕ ಬುದ್ಧಿ ಬೇಕು" ಎಂದ. ಹೋಲ್ಡೆಮ್ ಎಂಬ ಆಟ. ಪ್ರತಿಯೊಬ್ಬರ ಕೈಗೆ ಎರಡೆರಡು ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ, ಮೊದಲು ಮೂರು, ಆಮೇಲೆ ಒಂದೊಂದಾಗಿ ಎರಡು. ಇವನದು ಲಿಮಿಟ್ ಆಟ: ಮೊದಲೆರಡು ಸುತ್ತಿಗೆ ಇಂತಿಷ್ಟೇ ಪಣ, ಕೊನೆಯೆರಡಕ್ಕೆ ಅದರ ದುಪ್ಪಟ್ಟು, ಅದಕ್ಕಿಂತ ಹೆಚ್ಚು ಏರಿಸುವಂತಿಲ್ಲ.

"ಕೈಯಾಗ ಮೂರರ ಜೋಡಿ ಬಂದ್ರ?" ಎಂದೆ. ಅವನ ಕಣ್ಣು ಹೊಳೆದವು. ಕಾಗದ ತಂದು ಲೆಕ್ಕ ಹಾಕಿದ. ಕಾಣದ ಎಲೆ 50, ಅವುಗಳಲ್ಲಿ ಮೂರು ಎರಡೇ ಉಳಿದಿವೆ. ನಡುವಿನ ಮೊದಲ ಮೂರು ಎಲೆಗಳಲ್ಲಿ ಅದು ಬರುವ ಸಂಭವ ನೂರಕ್ಕೆ ಹತ್ತಿರಹತ್ತಿರ 12. ಒಮ್ಮೆ ಬಂದರೆ ಏಳೆಂಟು ಸಲ ಬರುವುದಿಲ್ಲ. ಪಣಕ್ಕೆ ಮಿತಿ ಇರುವುದರಿಂದ ಬಂದಾಗಲೂ ಒಬ್ಬನಿಂದ ಹೆಚ್ಚು ಕೀಳಲಾಗದು. ಹಾಗಾಗಿ ನಾಲ್ಕೈದು ಜನ ಹಣ ಹಾಕಿದ್ದು, ತನಗೆ ಅಗ್ಗದಲ್ಲಿ ನೋಡಲು ಸಿಕ್ಕರೆ ಮಾತ್ರ ಕೂರಬೇಕು. ಅಪ್ಪನ ಜೋಡಿ ಜನ ಹೆಚ್ಚಿದಷ್ಟೂ ಸೊರಗಿತು. ಇವನ ಜೋಡಿಗೆ ಜನ ಬೇಕು.

"ಮೂರನೇದು ಬರಲಿಲ್ಲಂದ್ರ?"

"ಚೆಲ್ಲಿ ಬಿಡೂದು ಅತ್ತಿ. ಮುಂದಿನ ಎಲಿ ಅದ ಆಗಬೇಕಂದ್ರ ಇಪ್ಪತ್ಮೂರ್ ಸಲಕ್ಕ ಒಮ್ಮೆ."

ಇಷ್ಟು ಚೆಂದ ನನ್ನ ಯಾವ ವಿದ್ಯಾರ್ಥಿಯೂ ಪಾಠ ಒಪ್ಪಿಸಿದ್ದಿಲ್ಲ. "ಹಂಗಾದ್ರ ನೀ ಪ್ರತಿ ಸಲ ಚೆಲ್ಲೀದಿ?" ಎಂದೆ. ಹುಡುಗ ಕಾಗದ ಮಡಚತೊಡಗಿದ.

"ಎಷ್ಟ ಹೋಗೇದ?"

ಬಹಳ ಹೊತ್ತಿನ ಮೇಲೆ ಹೇಳಿದ. ಎರಡು ತಿಂಗಳ ಪಗಾರ, ಮೇಲೆ ಗೆಳೆಯನ ಸಾಲ. ಒಂದೊಂದು ಸಲ ಸಣ್ಣದೇ ಪಣ. ಇದೊಂದು ನೋಡೋಣ, ಇದೊಂದು ನೋಡೋಣ ಎಂದು ಬೆಳಗಾಗಿತ್ತು. ಮಿತಿ ಇದ್ದದ್ದು ಪಣಕ್ಕೆ, ರಾತ್ರಿಗಲ್ಲ.

ನಾನು ಬೈಯಲಿಲ್ಲ. ನಮ್ಮೂರಿನವರಿಗೆ ಬೈಯುವ ಹಕ್ಕೂ ಕಡಿಮೆ. 2005ರಲ್ಲಿ, ಮತ್ತೆ 2019ರಲ್ಲಿ ಹೊಳೆ ಏರಿದಾಗ, ನಾಳೆ ಇಳಿದೀತು, ನಾಳೆ ಇಳಿದೀತು ಎಂದು ಹೊಸ್ತಿಲಿಗೆ ನೀರು ಬರುವತನಕ ಕೂತ ಜನ ನಾವು. ಬಿಡಬೇಕೆಂದು ತಿಳಿಯುವುದು ಒಂದು, ಏಳುವುದು ಇನ್ನೊಂದು. ಅಪ್ಪನಿಗೆ ಲೆಕ್ಕ ಗೊತ್ತಿರಲಿಲ್ಲ, ಇವನಿಗೆ ಗೊತ್ತಿತ್ತು. ಇಬ್ಬರೂ ಕೂತೇ ಇದ್ದರು.

ಹುಡುಗ ಕೂತಲ್ಲಿಂದ ಸುಮ್ಮನೆ ಎದುರಿಗೆ ನೋಡುತ್ತಿದ್ದ. "ಅತ್ತಿ, ದನಾನ ಇಲ್ಲ, ಆ ಗೂಟ ಯಾಕ ಇನ್ನೂ ಕಿತ್ತಿಲ್ಲ?" ಎಂದ.

ಅವ್ವ ಕೀಳಲು ಬಿಟ್ಟಿರಲಿಲ್ಲ. ಅವಳ ನಂತರ ನನಗೂ ಮನಸ್ಸಾಗಲಿಲ್ಲ. ಆ ಎಮ್ಮೆಯ ಕತೆಯನ್ನು ಅವನಿಗೆ ಮೊದಲ ಸಲ ಹೇಳಿದೆ. ಅವನು ಮರುದಿನದ ಬಸ್ಸಿಗೆ ಹೋಗಲಿಲ್ಲ. ಅವರಪ್ಪನ ಮುಂದೆ ಕೂತು ಸಾಲದ ಮಾತು ತಾನೇ ತೆಗೆದ.