ಮಳೆದೇವರ ಒಡಹುಟ್ಟಿದವರು

ಕೊಡಗಿನ ಚೆಟ್ಟಳ್ಳಿಯಲ್ಲಿ ಮಧ್ಯಾಹ್ನದಿಂದ ಮೋಡ. ಅಣ್ಣನ ಮಗಳು ನೋಟ್‌ಬುಕ್ಕಿನಲ್ಲಿ ತನ್ನದೇ ದೇವರುಗಳನ್ನು ಹುಟ್ಟಿಸುತ್ತಾ ಕೂತಿದ್ದಾಳೆ. ಮಳೆಗೊಬ್ಬ, ಕಾಡಿಗೊಬ್ಬಳು, ಎಲ್ಲರೂ ಒಂದೇ ತಾಯಿಯ ಮಕ್ಕಳಂತೆ. ನನಗೆ ಥಟ್ಟನೆ ನೆನಪಾದವನು ಇಗ್ಗುತ್ತಪ್ಪ.

ನಮ್ಮ ಮಳೆದೇವರೂ ಒಂಟಿಯಲ್ಲವಲ್ಲ! ಕೇರಳದ ಕಡೆಯಿಂದ ಬಂದ ಏಳು ಜನ ಒಡಹುಟ್ಟಿದವರು ಅನ್ನುತ್ತದೆ ಕಥೆ. ಆರು ಅಣ್ಣತಮ್ಮಂದಿರು, ಒಬ್ಬಳೇ ತಂಗಿ. ಕೆಲವರು ಘಟ್ಟದ ಕೆಳಗೇ ಉಳಿದರು, ಒಬ್ಬ ವಯನಾಡಿನ ತಿರುನೆಲ್ಲಿಗೆ ಹೋದ. ಪಾಲೂರಪ್ಪ ಪಾಲೂರಿನಲ್ಲಿ, ಇಗ್ಗುತ್ತಪ್ಪ ಕಕ್ಕಬ್ಬೆ ಹತ್ತಿರದ ಪಾಡಿಯಲ್ಲಿ ನೆಲೆನಿಂತರು. ತಂಗಿ ಪೊನ್ನಂಗಾಲತಮ್ಮೆಯೂ ಕೊಡಗಿನವಳೇ ಆದಳು. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಹೊರತಂದ ಕೊಡವ ಜನಪದ ಹಾಡುಗಳ ಸಂಗ್ರಹ ‘ಪಟ್ಟೋಲೆ ಪಳಮೆ’ಯಲ್ಲಿ ಇಗ್ಗುತ್ತಪ್ಪನ ಹಾಡು ಸಿಗುತ್ತದೆ.

ಇಂದು ಎರಡು ರಾಜ್ಯಗಳಲ್ಲಿ ಹಂಚಿಹೋದ ಸೀಮೆ, ದೇವರ ಲೆಕ್ಕದಲ್ಲಿ ಮಾತ್ರ ಇನ್ನೂ ಒಂದೇ ಕುಟುಂಬ. ನನಗೆ ತುಂಬಾ ಇಷ್ಟವಾಗುವುದು ಇದೇ. ನಮ್ಮ ಸುಗ್ಗಿ ಹಬ್ಬ ಪುತ್ತರಿಯ ಮುಹೂರ್ತ ಇವತ್ತಿಗೂ ಪಾಡಿಯ ಇಗ್ಗುತ್ತಪ್ಪನ ಗುಡಿಯಲ್ಲೇ ನಿಶ್ಚಯವಾಗುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ತಡವಾದರೆ ನಮ್ಮ ತೋಟದವರ ಬಾಯಲ್ಲಿ ಬರುವುದೂ ಅವನ ಹೆಸರೇ.

ಮಕ್ಕಳು ಹೊಸ ದೇವರನ್ನು ಕಲ್ಪಿಸಲಿ, ಚೆಂದವೇ. ಜೊತೆಗೆ ಈ ಏಳು ಜನರ ಕಥೆಯನ್ನೂ ಹೇಳೋಣ ಅಲ್ವಾ? ನಿಮ್ಮೂರ ದೇವರ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲೆಲ್ಲಿದ್ದಾರೆ? ಗೊತ್ತಿದ್ದವರು ಹೇಳಿ.